ಐದನೇ ನಟ್

ಫೆಬ್ರವರಿ 16, ಮಂಗಳವಾರ

ಚಕ್ರದ ನಟ್ ತಿರುಗಿಸುವ ಏರ್ ಗನ್ ಏಳು ಬಿಚ್ಚಿ ತೊಳೆದೆ. ಮೂರರಲ್ಲಿ ಬೇರಿಂಗ್ ಹೋಗಿದೆ. ಒಂದರ ಹಿಡಿ ಸೀಳಿದೆ — ಯಾರೋ ಕಾಂಕ್ರೀಟ್ ಮೇಲೆ ಬೀಳಿಸಿ ಬಾಯಿ ಮುಚ್ಚಿಕೊಂಡಿದ್ದಾರೆ. ಗಾಳಿ ಪೈಪು ಎರಡು ಬದಲಾಯಿಸಿದೆ.

ಮಧ್ಯಾಹ್ನ ಹಂದಿ ಲಿವರ್ ಅರೆದು ಮಾಡಿದ ಲಿವರ್‌ಮಷ್ ಹುರಿದು ಬ್ರೆಡ್ಡಿನ ನಡುವೆ ಇಟ್ಟುಕೊಂಡು ಕಿಟಕಿ ಹತ್ತಿರ ತಿಂದೆ. ಅಂಗಳದಲ್ಲಿ ಪ್ರಾಕ್ಟೀಸ್, ರೇಸಿನ ನಡುವೆ ಕಾರು ಪಿಟ್‌ಗೆ ಬಂದು ನಿಂತಾಗಿನ ಕೆಲಸದ್ದು. ಆರು ಜನ ಗೋಡೆ ಹಾರೋದು, ನಾಲ್ಕು ಚಕ್ರ ಬದಲಾಯಿಸೋದು, ಹನ್ನೆರಡು ಸೆಕೆಂಡ್, ಮತ್ತೆ ಗೋಡೆಯ ಈಚೆ. ಮೂರು ವರ್ಷದ ಹಿಂದೆ ನಾನೂ ಅದರಲ್ಲೊಬ್ಬ. ಹಿಂದಿನ ಚಕ್ರ ನನ್ನದು. ಪಕ್ಕದ ತಂಡದ ಕಾರು ಜಾರಿ ನಮ್ಮ ಪಿಟ್‌ಗೆ ನುಗ್ಗಿತು, ಮಂಡಿ ಪುಡಿಯಾಯಿತು. ಈಗ ಗನ್ ರೂಮು.

ಇವತ್ತು ಇಡೀ ದಿನ ಆಡಿದ ಮಾತು: "ಗುಡ್ ಮಾರ್ನಿಂಗ್" ಒಂದು, "ಪಾರ್ಸೆಲ್ ಅಲ್ಲಿಡಿ" ಒಂದು.

ಮಾರ್ಚ್ 1, ಮಂಗಳವಾರ

ಹೊಸ ಗನ್ ಮುಗಿಯಿತು. ಐದು ತಿಂಗಳು ಹಿಡಿಯಿತು. ಹಳೇದು ಒಂದೊಂದು ನಟ್‌ಗೂ ಬಿಡಿಬಿಡಿಯಾಗಿ ಕೂಗುತ್ತಿತ್ತು — ಝರ್, ಝರ್, ಐದು ಸಲ. ಇದು ಐದನ್ನೂ ಒಂದೇ ಎಳೆಯಲ್ಲಿ ಮುಗಿಸಿಬಿಡುತ್ತೆ. ಸದ್ದೂ ಕಡಿಮೆ. ಒಂದು ಚಕ್ರಕ್ಕೆ ಸೆಕೆಂಡಿನ ಕಾಲು ಭಾಗ ಉಳಿತಾಯ. ಟ್ರೆಂಟ್ ಓವರ್‌ಕ್ಯಾಶ್‌ನ ಕೈಗೆ ಕೊಟ್ಟೆ. ಈಗ ನನ್ನ ಜಾಗದಲ್ಲಿ ಮಂಡಿ ಊರುವವನು ಅವನು. ಕಾಲೇಜಿನಲ್ಲಿ ಕುಸ್ತಿ ಆಡಿದವನು, ಇಪ್ಪತ್ತಾರು, ಕತ್ತು ಅಂದರೆ ಮರದ ಬೊಡ್ಡೆ.

"ಸೆಟ್ಜರ್ ಸರ್, ಇದು ಬೆಣ್ಣೆ ಕುಯ್ದ ಹಾಗಿದೆ," ಅಂದ.

ಕೋಚ್ ರಾಬಿನೆಟ್ ಗಡಿಯಾರ ನೋಡಿ ಹುಬ್ಬು ಎತ್ತಿದರು. ಅವರಿಂದ ಅಷ್ಟೇ ಸಿಗೋದು. ಸಾಕು.

ಕ್ಲೇಟ್ ಬೋಸ್ಟ್ ಕಾರೆತ್ತುವ ಜಾಕ್ ಹಿಡಿದುಕೊಂಡು ನಿಂತಿದ್ದ. ಇತ್ತ ನೋಡಿ ತಲೆ ಆಡಿಸಿದ. ಬರಲಿಲ್ಲ.

ಮಾರ್ಚ್ 8, ಮಂಗಳವಾರ

ಕ್ಲೇಟ್ ಬಂದಿದ್ದ!

ಬಾಗಿಲು ದೂಡಿಕೊಂಡು, ಕೈಯಲ್ಲಿ ಸಾಸೇಜ್ ಇಟ್ಟ ಬನ್ನಿನಂಥ ಬಿಸ್ಕೆಟ್‌ನ ಪೊಟ್ಟಣ.

"ಏನೋ ಡೆಲ್, ಈ ಬಿಲದಲ್ಲಿ ಇನ್ನೂ ಬದುಕಿದೀಯಾ?"

"ಸತ್ತಿದ್ರೆ ವಾಸನೆ ಬರ್ತಿತ್ತಲ್ಲ."

"ಬರ್ತಾ ಇತ್ತು. ಗ್ರೀಸ್ ಇರಬೇಕು ಅಂತ ಸುಮ್ಮನಾದ್ವಿ."

ಹನ್ನೊಂದು ವರ್ಷ ಒಟ್ಟಿಗೆ ಗೋಡೆ ಹಾರಿದವರು. ಅವನು ಜಾಕ್, ನಾನು ಹಿಂದಿನ ಚಕ್ರ. ಅವತ್ತು ಕಾರಿನಡಿಯಿಂದ ನನ್ನನ್ನು ಎಳೆದು, ಹೆಗಲ ಮೇಲೆ ಹಾಕಿಕೊಂಡು ಆಂಬ್ಯುಲೆನ್ಸ್‌ವರೆಗೆ ಓಡಿದವನು ಇವನೇ. ಆಸ್ಪತ್ರೆಗೆ ದಿನಾ ಬರುತ್ತಿದ್ದ. ಆಮೇಲೆ ವಾರಕ್ಕೊಮ್ಮೆ. ಆಮೇಲೆ ಕ್ರಿಸ್ಮಸ್‌ಗೆ. ಜಗಳ ಇಲ್ಲ, ಏನಿಲ್ಲ. ಗೋಡೆ ಹಾರುವವರಿಗೂ ಹಾರದವರಿಗೂ ಆಡೋಕೆ ಮಾತು ಇರೋಲ್ಲ, ಅಷ್ಟೇ.

ಇವತ್ತು ಮುಕ್ಕಾಲು ಗಂಟೆ ಕೂತ. ತಲೆಕೆಳಗಾದ ಬಕೆಟ್ ಮೇಲೆ. ಹೊರಡುವಾಗ:

"ಹಿಂದಿನ ಚಕ್ರಕ್ಕೆ ಹಳೇ ಗನ್ನೇ ಇರಲಿ ಕಣೋ. ಟ್ರೆಂಟ್‌ನ ಕೈ ಹೊಸದಕ್ಕೆ ಹೊಂದ್ತಾ ಇಲ್ಲ."

"ಬೆಣ್ಣೆ ಅಂದನಲ್ಲ?"

"ನಿನ್ನೆದುರು ಇನ್ನೇನು ಹೇಳ್ತಾನೆ? ನೀನು ಅವನ ಪಾಲಿಗೆ ಹಳೇ ಹುಲಿ."

ನೋಡೋಣ ಅಂದೆ. ಬಿಸ್ಕೆಟ್ ಒಂದು ಉಳಿಸಿ ಸಂಜೆ ಮನೆಯಲ್ಲಿ ತಿಂದೆ.

ಮಾರ್ಚ್ 11, ಶುಕ್ರವಾರ

ಮತ್ತೆ ಬಂದ. ಮೀನು ಹಿಡಿಯೋ ಮಾತು. ನಗು. ಗನ್ ವಿಷಯ ಮತ್ತೆ ಎತ್ತಿದ. ಮನೆಗೆ ಹೋಗುವ ದಾರಿಯಲ್ಲಿ ಹಳೇ ಸಾಮಾನಿನ ಅಂಗಡಿಯಿಂದ ಒಂದು ಕುರ್ಚಿ ತಂದೆ. ರೂಮಿನಲ್ಲಿ ಎರಡನೇ ಕುರ್ಚಿಗೆ ಜಾಗವೇ ಇಲ್ಲ. ಕಂಪ್ರೆಸರ್ ಸ್ವಲ್ಪ ಸರಿಸಬೇಕು.

ಮಾರ್ಚ್ 22, ಮಂಗಳವಾರ

ಟ್ರೆಂಟ್ ಬಂದ. ಕುರ್ಚಿಯಲ್ಲಿ ಕೂರಲಿಲ್ಲ. ಹೊಸ ಗನ್ ಕೈಗೆ ಹೊಂದ್ತಿಲ್ವಂತಲ್ಲ ಅಂತ ಕೇಳಿದೆ.

"ಸರ್, ನನ್ನ ಕೈ ಹೊಸ ಗನ್‌ಗೆ ಹೊಂದ್ತಿಲ್ಲ ಅಂತ ನಿಮಗೆ ಯಾರು ಹೇಳಿದ್ದು?"

"ಕ್ಲೇಟ್."

"ನನಗೆ ಅವನು ಬೇರೆ ಹೇಳಿದ. ನೀವೇ ಹಳೇದು ಕೊಡಬೇಕು ಅಂತಿದೀರಂತೆ, ಹೊಸದರಲ್ಲಿ ದೋಷ ಇದೆಯಂತೆ."

ದೋಷ. ನನ್ನ ಗನ್‌ನಲ್ಲಿ.

ಅವನು ಹೋದಮೇಲೆ ಪ್ರಾಕ್ಟೀಸ್ ವಿಡಿಯೋ ಹಾಕಿ ಕೂತೆ. ಕಾರಿನ ಎಡಗಡೆ ಎರಡು ಚಕ್ರ ಬದಲಾಗೋದು ಕೊನೆಗೆ; ಮುಗಿಸಿದವನು ಕೈ ಎತ್ತಬೇಕು. ಜಾಕ್ ಹಿಡಿದವನು ಎಡಕ್ಕೆ ತಿರುಗಿ ಮುಂದಿನವನ ಕೈ ನೋಡಬೇಕು, ಬಲಕ್ಕೆ ತಿರುಗಿ ಹಿಂದಿನವನ ಕೈ ನೋಡಬೇಕು, ಇಬ್ಬರದೂ ಮುಗಿದಿದ್ದರೆ ಜಾಕ್ ಇಳಿಸಬೇಕು. ಜಾಕ್ ಇಳಿದರೆ ಡ್ರೈವರ್ ಕಾಲು ಒತ್ತುತ್ತಾನೆ. ಬೇರೆ ಸಿಗ್ನಲ್ ಇಲ್ಲ.

ಕ್ಲೇಟ್ ಎಡಕ್ಕೆ ನೋಡುತ್ತಾನೆ. ಬಲಕ್ಕೆ ತಿರುಗೋದೇ ಇಲ್ಲ. ಒಂದೇ ಒಂದು ಸಲ ಇಲ್ಲ. ಹಳೇ ಗನ್ ಇದ್ದಾಗ ಸರಿಯಾದ ಗಳಿಗೆಗೆ ಇಳಿಸುತ್ತಾನೆ. ಹೊಸ ಗನ್ ಇದ್ದಾಗ ಒಮ್ಮೆ ಬೇಗ, ಒಮ್ಮೆ ತಡ.

ಕಣ್ಣಲ್ಲಿ ನೋಡ್ತಾ ಇಲ್ಲ. ಕಿವಿಯಲ್ಲಿ ಎಣಿಸ್ತಾ ಇದ್ದಾನೆ.

ಮಾರ್ಚ್ 23, ಬುಧವಾರ

ಕ್ಲೇಟ್ ಬಂದ. ಕುರ್ಚಿಯಲ್ಲಿ ಕೂತ. ಅವನ ಬಲಗಡೆ ನಿಂತು ಕಾಫಿ ಕಪ್ ಚಾಚಿದೆ. ಹಾಗೇ ಹಿಡಿದಿದ್ದೆ. ಅವನು ಮೀನಿನ ಮಾತು ಆಡುತ್ತಲೇ ಇದ್ದ.

"ಯಾವಾಗಿನಿಂದ?" ಅಂದೆ.

ಕತ್ತು ಪೂರ್ತಿ ತಿರುಗಿಸಿದ ಮೇಲೆ ಅವನಿಗೆ ಕಪ್ ಕಂಡಿತು. ತಗೊಂಡ. ಕುಡಿಯಲಿಲ್ಲ.

"ಆಗಸ್ಟ್‌ನಿಂದ. ಬಲಗಣ್ಣಿನ ಒಂದು ಬದಿ. ಪರದೆ ಎಳೆದ ಹಾಗೆ."

"ಡಾಕ್ಟರು?"

"ಹೋದ್ರೆ ಬರೀತಾರೆ. ಬರೆದ್ರೆ ಕಾಗದ ತಂಡಕ್ಕೆ ಹೋಗುತ್ತೆ. ಹೋದ್ರೆ ನಾನು ಇಲ್ಲಿ ನಿನ್ನ ಪಕ್ಕ ಇನ್ನೊಂದು ಬಕೆಟ್ ಹಾಕ್ಕೊಂಡು ಕೂರಬೇಕು."

ಅಂದುಬಿಟ್ಟು ನನ್ನ ಮುಖ ನೋಡಿದ. ನಾನು ಗ್ರೀಸ್ ಡಬ್ಬಿ ಮುಚ್ಚಿದೆ.

"ಅದು ಹಾಗಲ್ಲ ಡೆಲ್..."

"ಇರಲಿ ಬಿಡು."

"ಈ ಸೀಸನ್ ಒಂದು. ನವೆಂಬರ್‌ಗೆ ನಾನೇ ಹೇಳಿ ಬಿಟ್ಟುಬಿಡ್ತೀನಿ. ಹಳೇ ಗನ್ ಇದ್ರೆ ತೊಂದರೆ ಇಲ್ಲ ಕಣೋ. ಐದು ಎಣಿಸ್ತೀನಿ, ಇಳಿಸ್ತೀನಿ. ನೀನಿದ್ದಾಗಲೂ ಅರ್ಧ ಕಿವಿಯಲ್ಲೇ ಮಾಡ್ತಿದ್ದೆ. ನಿನ್ನ ಕೈಯ ಐದು ನನಗೆ ನಿದ್ದೇಲೂ ಗೊತ್ತು."

ಬೇಡ ಅನ್ನಬೇಕಿತ್ತು.

ಹಿಂದಿನ ಚಕ್ರಕ್ಕೆ ಹಳೇ ಗನ್ ಕಟ್ಟಿ ಕೊಟ್ಟೆ. ಸದ್ದು ಇನ್ನೂ ಬಿಡಿಸಿ ಕೇಳುವ ಹಾಗೆ ಒಳಗಿನ ಸೈಲೆನ್ಸರ್ ತೆಗೆದೆ. ಟ್ರೆಂಟ್‌ಗೆ ಹೇಳಿದೆ — ಹೊಸದರ ಬೇರಿಂಗ್ ಸರಿಯಿಲ್ಲ, ಕಾಯಬೇಕು.

ಸರಿಯಾಗಿ ಇದೆ. ಅದಕ್ಕಿಂತ ಚೆನ್ನಾಗಿ ಏನನ್ನೂ ಮಾಡಿಲ್ಲ ನಾನು.

ಮಾರ್ಚ್ 27, ಭಾನುವಾರ

ರೇಸ್ ನೋಡಿದ್ದು ಮನೆಯಲ್ಲಿ, ಟೀವಿಯಲ್ಲಿ. ಆರು ಸಲ ಪಿಟ್‌ಗೆ ಬಂತು ಕಾರು. ಆರು ಸಲವೂ ನಾನೂ ಎಣಿಸಿದೆ. ಏನೂ ಆಗಲಿಲ್ಲ.

ಮಾರ್ಚ್ 30, ಬುಧವಾರ

ಕ್ಲೇಟ್ ಬಂದು ಹೋದ. ಅರ್ಧ ಗಂಟೆ. ಹೆಂಡತಿ ನಡೀನ್ ಮಾಡಿದ ಪೀಚ್ ಹಣ್ಣಿನ ಸಿಹಿ, ಕಾಬ್ಲರ್, ತಂದಿದ್ದ. ಖುಷಿಯಾಯಿತು ಅಂತ ಬರೆಯೋಕೆ ನಾಚಿಕೆ. ಆದರೆ ಆಯಿತು.

ಏಪ್ರಿಲ್ 3, ಭಾನುವಾರ

ಎಲ್ಲರೂ ನಿಧಾನಿಸಬೇಕು ಅನ್ನುವ ಹಳದಿ ಬಾವುಟ ತೋರಿಸಿದರು. ಎಲ್ಲ ಕಾರುಗಳೂ ಒಟ್ಟಿಗೆ ಪಿಟ್‌ಗೆ. ನಮ್ಮ ಹಿಂದಿನ ಪಿಟ್‌ನಲ್ಲೂ ಒಂದು ಕಾರು, ಅವರ ಮುಂದಿನ ಚಕ್ರದವನು ಟ್ರೆಂಟ್‌ನಿಂದ ನಾಲ್ಕು ಹೆಜ್ಜೆ ದೂರ. ಅವನ ಗನ್ನೂ ಬಿಡಿಬಿಡಿಯಾಗಿ ಕೂಗುವಂಥದ್ದೇ.

ಕ್ಲೇಟ್ ಎಣಿಸಿದ್ದು ಆ ಪಕ್ಕದವನ ಐದನೆಯದನ್ನು.

ಟ್ರೆಂಟ್ ನಾಲ್ಕರಲ್ಲಿದ್ದ. ಜಾಕ್ ಇಳಿಯಿತು. ಕಾರು ಹೊರಟಿತು. ಗನ್ ಚಕ್ರದಲ್ಲಿ ಸಿಕ್ಕಿಕೊಂಡು, ಪೈಪು ಅವನ ತೋಳಿಗೆ ಸುತ್ತಿ, ಎಳೆದುಕೊಂಡು ಹೋಗಿ ಗೋಡೆಗೆ ಬಡಿಯಿತು. ಪೈಪು ಹರಿದಿದ್ದರಿಂದ ಬಿಟ್ಟಿತು. ಟೀವಿಯವರು ಮೂರು ಸಲ ತೋರಿಸಿದರು. ಮೂರನೇ ಸಲಕ್ಕೆ ಎದ್ದು ಹೋಗಿ ಸಿಂಕಿನ ಮುಂದೆ ನಿಂತೆ.

ಹೆಲ್ಮೆಟ್ ಬಿರುಕು. ತಲೆಗೆ ಏನಿಲ್ಲ. ಎಡಗೈಯ ಎರಡು ಬೆರಳು ಮುರಿದಿವೆ, ಮಣಿಕಟ್ಟೂ. ಕಾರಿನ ಚಕ್ರ ಮೂರನೇ ತಿರುವಿನಲ್ಲಿ ಕಳಚಿ ಉರುಳಿತು. ಯಾರಿಗೂ ತಗಲಲಿಲ್ಲ.

ಏಪ್ರಿಲ್ 5, ಮಂಗಳವಾರ

ಎಲ್ಲರೂ ಟ್ರೆಂಟ್‌ನ ಮೇಲೆ ಹಾಕುತ್ತಿದ್ದಾರೆ. ಮುಗಿಯೋಕೆ ಮುಂಚೆ ಕೈ ಎತ್ತಿದನಂತೆ. ವಿಡಿಯೋದಲ್ಲಿ ಅವನ ಕೈ ಕಾಣಲ್ಲ, ಕಾರು ಅಡ್ಡ. ಕ್ಲೇಟ್ ಹೇಳಿದ್ದೇ ಮಾತು. ಕೈ ಎತ್ತಿದ, ನಾನು ನೋಡಿದೆ — ಅಂದನಂತೆ.

"ನಾನು ನೋಡಿದೆ" ಅಂತೆ.

ಸಂಜೆ ಪಾರ್ಕಿಂಗ್‌ನಲ್ಲಿ ಕ್ಲೇಟ್‌ನ ಪಿಕಪ್ ಟ್ರಕ್ಕಿಗೆ ಅಡ್ಡ ನಿಂತೆ.

"ನೀನೇ ಹೋಗಿ ಹೇಳು, ಕ್ಲೇಟ್. ಗುರುವಾರದವರೆಗೂ ನಾನು ಸುಮ್ಮನಿರ್ತೀನಿ."

"ಗುರುವಾರ ಆದ್ಮೇಲೆ?"

"ನಾನು ಹೇಳ್ತೀನಿ."

"ಏನಂತ? ಗನ್ ಕಟ್ಟಿಕೊಟ್ಟವನು ನಾನೇ ಅಂತಾನೂ ಹೇಳ್ತೀಯಾ?"

"ಅದನ್ನೂ."

ಸ್ಟೀರಿಂಗ್ ಮೇಲೆ ಕೈ ಇಟ್ಟುಕೊಂಡು ಮುಂದೆ ನೋಡುತ್ತ ಕೂತ. ಆಮೇಲೆ ಮೆಲ್ಲಗೆ ಅಂದ, "ಅವತ್ತು ನಿನ್ನನ್ನ ಹೊತ್ಕೊಂಡು ಓಡುವಾಗ ನಾನು ಲೆಕ್ಕ ಹಾಕ್ಲಿಲ್ಲ ಡೆಲ್."

ಪಕ್ಕಕ್ಕೆ ಸರಿದೆ. ಹೋದ.

ಏಪ್ರಿಲ್ 7, ಗುರುವಾರ

ನಾಲ್ಕು ಗಂಟೆವರೆಗೆ ಕಾದೆ. ಕ್ಲೇಟ್ ಜಾಕ್‌ಗೆ ಎಣ್ಣೆ ಹಾಕುತ್ತಿದ್ದ. ಹಾಕುತ್ತಲೇ ಇದ್ದ.

ಕೋಚ್ ರೂಮಿಗೆ ಹೋಗಿ ಬಾಗಿಲು ಮುಚ್ಚಿ ಎಲ್ಲ ಹೇಳಿದೆ. ಕಣ್ಣು, ಎಣಿಕೆ, ಹಳೇ ಗನ್, ತೆಗೆದ ಸೈಲೆನ್ಸರ್, ಬೇರಿಂಗ್ ಸುಳ್ಳು. ರಾಬಿನೆಟ್ ಕೇಳಿದರು:

"ನಿನಗೆ ಗೊತ್ತಾಗಿದ್ದು ಯಾವತ್ತು?"

"ಮಾರ್ಚ್ ಇಪ್ಪತ್ಮೂರಕ್ಕೆ."

ಕ್ಯಾಲೆಂಡರ್ ನೋಡಿದರು. ಬೆರಳಿಟ್ಟು ನೋಡಿದರು.

"ನೀನು ಕಾರಿನಡಿಗೆ ಹೋದವನು, ಡೆಲ್. ಬೇರೆ ಯಾರೋ ಆಗಿದ್ರೆ ನನಗೆ ಅರ್ಥ ಆಗ್ತಿತ್ತು."

ಕ್ಲೇಟ್‌ನನ್ನು ಕರೆಸಿ ಅಲ್ಲೇ ಕಣ್ಣು ನೋಡಿದರು, ಬೆರಳು ಆಡಿಸಿ. ಅವನು ಒಂದೇ ಮಾತಿಗೆ ಒಪ್ಪಿಕೊಂಡ. ನನ್ನ ಕಡೆ ನೋಡಲಿಲ್ಲ. ಅವನು ಇನ್ನು ಗೋಡೆ ಹಾರಲ್ಲ. ನಾನು ಗನ್ ರೂಮಿನ ಕೀಲಿ ಮೇಜಿನ ಮೇಲಿಟ್ಟೆ. ಸೋಮವಾರದಿಂದ ಟೈರ್ ಗೋದಾಮು.

ಏಪ್ರಿಲ್ 8, ಶುಕ್ರವಾರ

ಟ್ರೆಂಟ್‌ನ ಅಪಾರ್ಟ್‌ಮೆಂಟ್‌ಗೆ ಹೋದೆ. ಅವನ ಹೆಸರು ಚೊಕ್ಕವಾಯಿತು ಅಂತ ಕೋಚ್ ಮೊದಲೇ ಅವನಿಗೆ ಫೋನ್ ಮಾಡಿದ್ದರು. ಬಾಗಿಲಲ್ಲೇ ನಿಂತ, ಕೈಗೆ ಪ್ಲಾಸ್ಟರ್.

ಕ್ಷಮೆ ಕೇಳಿದೆ.

"ನಿಮಗೆ ಗೊತ್ತಾದ್ಮೇಲೆ ಎರಡು ರೇಸ್ ಆಯ್ತು, ಸರ್," ಅಂದ. ಕೋಪ ಇರಲಿಲ್ಲ ದನಿಯಲ್ಲಿ. "ಎರಡರಲ್ಲೂ ನಾನು ಮಂಡಿ ಊರಿದ್ದೆ. ಹಳೇ ಗನ್ ಯಾಕೆ ಅಂತ ಆಮೇಲೆ ಒಂದು ಸಲಾನೂ ಕೇಳ್ಲಿಲ್ಲ. ನೀವು ಕೊಟ್ಟಿದ್ದು ಅಂತ."

ಬಾಗಿಲು ಮೆತ್ತಗೆ ಮುಚ್ಚಿದ. ಧಡಾರನೆ ಹಾಕಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 26, ಮಂಗಳವಾರ

ಗೋದಾಮು. ಕಿಟಕಿ ಇಲ್ಲ. ಊಟದ ಹೊತ್ತಿಗೆ ನಾನು ಹೋಗಿ ಕೂತರೆ ಮೇಜು ಖಾಲಿಯಾಗುತ್ತೆ. ಕೆಲವರಿಗೆ ನಾನು ಹೇಳಿದ್ದಕ್ಕೆ ಸಿಟ್ಟು, ಕೆಲವರಿಗೆ ತಡವಾಗಿ ಹೇಳಿದ್ದಕ್ಕೆ. ಎರಡೂ ಸರಿಯೇ.

ಹಿಂದಿನ ಚಕ್ರಕ್ಕೆ ಹೊಸ ಗನ್ ಕೊಟ್ಟಿದ್ದಾರಂತೆ. ಚೆನ್ನಾಗಿ ಓಡ್ತಿದೆಯಂತೆ. ಪಾರ್ಸೆಲ್‌ನವನು ಹೇಳಿದ.

ಮೇ 9, ಸೋಮವಾರ

ನಡೀನ್ ಫೋನ್ ಮಾಡಿದಳು. ಬುಧವಾರ ಕ್ಲೇಟ್‌ನ ಕಣ್ಣಿನ ಆಪರೇಷನ್. ನೂರಿಪ್ಪತ್ತು ಮೈಲಿ. ಅವನು ಓಡಿಸೋ ಹಾಗಿಲ್ಲ, ಅವಳಿಗೆ ದೊಡ್ಡ ಹೈವೇ ಅಂದರೆ ಭಯ.

"ತಂಡದವರನ್ನ ಕೇಳಿದೆ, ಎಲ್ಲರಿಗೂ ಪ್ರಾಕ್ಟೀಸ್ ಅಂತೆ. ಅವನಿಗೆ ನೀನು ಬರ್ತೀಯ ಅಂತ ಹೇಳಿಲ್ಲ ಡೆಲ್. ಹೇಳಿದ್ರೆ ಹೊರಡೋದೇ ಇಲ್ಲ."

"ಎಷ್ಟೊತ್ತಿಗೆ ಬರ್ಲಿ?"

"ಆರಕ್ಕೆ. ಅವನು ಏನಾದ್ರೂ ಅಂದ್ರೆ ಬೇಜಾರು ಮಾಡ್ಕೋಬೇಡ."

ಮೇ 11, ಬುಧವಾರ. ಬೆಳಿಗ್ಗೆ 10.20. ಆಸ್ಪತ್ರೆ

ನನ್ನ ಟ್ರಕ್ ನೋಡಿ ಕ್ಲೇಟ್ ಮನೆ ಮೆಟ್ಟಿಲ ಮೇಲೇ ನಿಂತುಬಿಟ್ಟ. ನಡೀನ್ ಬೆನ್ನ ಮೇಲೆ ಕೈ ಇಟ್ಟು ಏನೋ ಅಂದಳು. ಬಂದು ಹತ್ತಿದ. ಅವಳಿಗೆ ಕೆಲಸಕ್ಕೆ ರಜೆ ಸಿಕ್ಕಿರಲಿಲ್ಲ, ಹೊರಟಿದ್ದು ನಾವಿಬ್ಬರೇ.

ನೂರಿಪ್ಪತ್ತು ಮೈಲಿ. ನಾನು ಎಡಗಡೆ ಸ್ಟೀರಿಂಗ್ ಹಿಂದೆ, ಅವನ ಒಳ್ಳೆ ಕಣ್ಣು ನನ್ನ ಕಡೆಯೇ. ಆದರೂ ಕತ್ತು ಅತ್ತ. ಆ ಕಿಟಕಿಯಲ್ಲಿ ಅವನಿಗೆ ಏನು ಕಾಣುತ್ತಿತ್ತೋ. ರೇಡಿಯೋ ಹಾಕಿದೆ, ಅವನು ಆರಿಸಿದ. ಗ್ರೀನ್ಸ್‌ಬರೋ ದಾಟಿದ ಮೇಲೆ ಒಂದು ಲಾರಿ ಬಲಗಡೆ ಹಿಂದಿನಿಂದ ಒತ್ತಿಕೊಂಡು ಬಂತು. ಅವನಿಗೆ ಗೊತ್ತೇ ಆಗಲಿಲ್ಲ. ಹಾರ್ನ್ ಕೇಳಿ ಬಾಗಿಲು ಗಟ್ಟಿಯಾಗಿ ಹಿಡಿದುಕೊಂಡ. ಆಮೇಲೆ ಕಿಟಕಿಗೆ ಹೇಳುವ ಹಾಗೆ:

"ಆ ಹುಡುಗನ ಕೈ ಹೇಗಿದೆ?"

"ಪ್ಲಾಸ್ಟರ್ ಬಿಚ್ಚಿದಾರಂತೆ. ಮುಷ್ಟಿ ಇನ್ನೂ ಪೂರ್ತಿ ಕಟ್ಟೋಕಾಗಲ್ಲ."

ತಲೆ ಆಡಿಸಿದ. ಅಷ್ಟೇ.

ಒಳಗೆ ಕರೆದುಕೊಂಡು ಹೋಗಿ ಎರಡು ಗಂಟೆ ಆಯಿತು. ಅವನ ಟೋಪಿ, ವಾಚು, ಬೂಟು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಮಡಿಲಿಗೆ ಕೊಟ್ಟಿದ್ದಾರೆ. ಆಗಸ್ಟ್‌ನಲ್ಲೇ ಬಂದಿದ್ದರೆ ಪೂರ್ತಿ ಉಳಿಸಬಹುದಿತ್ತು ಅಂದರು ಡಾಕ್ಟರು, ಈಗ ಇದ್ದಷ್ಟು ನಿಲ್ಲಿಸಿದರೆ ದೊಡ್ಡದು.

ಇಲ್ಲಿ ಎಲ್ಲರೂ ಜೋಡಿ ಜೋಡಿ. ಎದುರಿನ ಮುದುಕಿ ಗಂಡನಿಗೆ ಕಾಯ್ತಿದಾಳಂತೆ. ನೀವು ಯಾರಿಗೆ ಅಂದಳು. ಒಟ್ಟಿಗೆ ಕೆಲಸ ಮಾಡ್ತಿದ್ವಿ ಅಂದೆ. "ಒಳ್ಳೆ ಸ್ನೇಹಿತ," ಅಂದಳು. ಮಡಿಲಿನ ಚೀಲದ ಬಾಯಿ ಗಂಟು ಹಾಕಿದೆ.

ಹೊರಗೆ ಬಂದಾಗ ಕಣ್ಣಿಗೆ ಪಟ್ಟಿ ಇರುತ್ತೆ. ಕೈ ಹಿಡಿದು ಟ್ರಕ್‌ವರೆಗೆ ಕರ್ಕೊಂಡು ಹೋಗಬೇಕು ಅಂತ ನರ್ಸ್ ಹೇಳಿದಾಳೆ. ಕೈ ಕೊಡ್ತಾನೋ ಇಲ್ವೋ. ಕೊಡದಿದ್ರೂ ಬಲಗಡೆಗೇ ನಡೀಬೇಕು, ಅವನಿಗೆ ಕಾಣದ ಕಡೆ—

ಕ್ಲೇಟ್ ಬೋಸ್ಟ್ ಕಡೆಯವರು ಯಾರಿದೀರಿ ಅಂತ ಕೂಗ್ತಿದಾರೆ. ಬೇರೆ ಯಾರೂ ಏಳ್ತಿಲ್ಲ. ನಾನೇ ಏಳಬೇಕು.