ಕಪ್ಪು ಪರದೆಯ ಮುಂದೆ ಅಮ್ಮ

ಅಂಗಡಿಯ ಮಹಡಿಯಿಂದ
ಮಾರ್ಚ್ ೧೧, ಸೋಮವಾರ

ಪ್ರೀತಿಯ ಅಣ್ಣಾ,

ನಿನ್ನ ಸೊಂಟನೋವು ಹೇಗಿದೆ? ಅತ್ತಿಗೆ ಹೇಳಿದ ವ್ಯಾಯಾಮ ಮಾಡುತ್ತಿದ್ದೀಯೋ, ಇಲ್ಲ ಕುರ್ಚಿಗೆ ಅಂಟಿಕೊಂಡೇ ಇದ್ದೀಯೋ? ನಾವು ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಬರುತ್ತಿಲ್ಲ.

ನನ್ನ ಇಂಟರ್ನೆಟ್ ಅಂಗಡಿಯ ಲೈನನ್ನು ನಿಮ್ಮ ಟೆಲಿಫೋನ್ ಕಂಪನಿಯವರು ಕಿತ್ತುಹಾಕಿದ್ದಾರೆ. ಜನ ಪರದೆಯಲ್ಲಿ ಮುಖ ನೋಡಿಕೊಂಡು ಮಾತಾಡಿದರೆ ಕಂಪನಿಯ ಫೋನಿಗೆ ಗಿರಾಕಿ ಇರುವುದಿಲ್ಲವಂತೆ, ಅದಕ್ಕೇ ಇಂಥ ಅಂಗಡಿಗಳ ಲೈನೆಲ್ಲ ಬಂದ್. ಆದೇಶದ ಕೆಳಗೆ ಉದ್ದ ಬಾಲ ಎಳೆದ ನಿನ್ನ ಸಹಿ ಇತ್ತು. ಆದೇಶಗಳ ಕಟ್ಟಿನೊಳಗೆ ನನ್ನ ಅಂಗಡಿಯದೂ ಇದೆ ಎಂದು ನೀನು ನೋಡದೇ ಸಹಿ ಹಾಕಿದ್ದೀಯ ಎಂದುಕೊಂಡಿದ್ದೇನೆ. ಹಾಗೆ ಅಂದುಕೊಳ್ಳದಿದ್ದರೆ ಈ ಪತ್ರ ಬರೆಯಲಾರೆ.

ಜ್ವರದಲ್ಲಿ ಕಿವಿ ಹೋದ ಮೇಲೆ ಅಮ್ಮನಿಗೆ ಫೋನ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಪರದೆಯ ಮೇಲೆ ನಿನ್ನ ತುಟಿ ನೋಡಿಯೇ ಅವಳು ನಿನ್ನ ಮಾತು ತಿಳಿದುಕೊಳ್ಳುತ್ತಿದ್ದಳು. ತುಟಿಗೆ ಅಡ್ಡ ಬರುತ್ತದೆಂದು ನೀನು ಅಷ್ಟು ಸಾಕಿದ ಮೀಸೆಯನ್ನೇ ತೆಗೆದೆ, ಅತ್ತಿಗೆ ವಾರವಿಡೀ ನಕ್ಕಿದ್ದಳು. ಈಗ ಸಕ್ಕರೆ ಕಾಯಿಲೆ ಅಮ್ಮನ ಕಣ್ಣಿಗೂ ಇಳಿದಿದೆ. ಈ ನೋಟ ಎಷ್ಟು ಕಾಲ ಉಳಿಯುತ್ತದೋ ಹೇಳಲಾಗದು ಎಂದರು ಡಾಕ್ಟರು. ನನಗೆ ಭಯವಾಗುತ್ತಿದೆ ಅಣ್ಣಾ.

ಬೇರೆ ಕಂಪನಿಗಳಿಗೂ ಲೈನ್ ಎಳೆಯಲು ಬಿಡಬೇಕೋ ಬೇಡವೋ ಎಂದು ಸರ್ಕಾರ ಮುಂದಿನ ವಾರ ವಿಚಾರಣೆ ಇಟ್ಟುಕೊಂಡಿದೆಯಂತೆ. ಕಂಪನಿಯ ಪರ ಮಾತಾಡುವವನು ನೀನೇ ಎಂದು ಪತ್ರಿಕೆಯಲ್ಲಿ ಓದಿದೆ. "ದೇಶಕ್ಕೆ ಒಂದು ಕಂಪನಿ ಸಾಕು, ಹತ್ತು ಬಂದು ಲೈನಿಗೆ ಅಗೆದ್ರೆ ರಸ್ತೆಯೆಲ್ಲಾ ಗುಂಡಿ" ಎಂದು ನೀನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದೆ. ಗುಂಡಿ ಬಿದ್ದರೆ ಬೀಳಲಿ, ದಾಟಿಕೊಂಡು ಹೋಗುತ್ತೇವೆ. ಇನ್ನೊಂದು ಕಂಪನಿ ಇದ್ದಿದ್ದರೆ ನಿನ್ನನ್ನು ಹೀಗೆ ಗೋಗರೆಯದೆ ಅವರ ಬಾಗಿಲು ತಟ್ಟುತ್ತಿದ್ದೆ. ಈಗ ತಟ್ಟಲು ಇರುವುದು ಒಂದೇ ಬಾಗಿಲು, ಅದರೊಳಗೆ ನೀನು ಕೂತಿದ್ದೀಯ. ನಿನ್ನ ದಮ್ಮಯ್ಯ, ಅಲ್ಲಿ ನಿಂತು ಬೇಡ ಅನ್ನಬೇಡ. ನೌಕರಿಗೆ ಕುತ್ತು ಬರುತ್ತದೆ ಎನ್ನುತ್ತೀಯ, ಗೊತ್ತು. ಆದರೂ ಕೇಳುತ್ತಿದ್ದೇನೆ.

ಅತ್ತಿಗೆಗೆ ನಮಸ್ಕಾರ, ಪುಟ್ಟಿಗೆ ಒಂದು ಮುತ್ತು. ಸೊಂಟ ಜೋಪಾನ.

ನಿನ್ನ
ತಂಗಿ

ಇದೊಂದು ಬಿಟ್ಟೇಹೋಗಿತ್ತು: ಲೈನ್ ಕೆಟ್ಟಿದೆ ಎಂದಷ್ಟೇ ದಪ್ಪ ಅಕ್ಷರದಲ್ಲಿ ಬರೆದು ಅಮ್ಮನಿಗೆ ತೋರಿಸಿದ್ದೇನೆ. ಆದರೂ ದಿನಾ ಸಂಜೆ ತಲೆ ಬಾಚಿಕೊಂಡು ಬಂದು ಕಪ್ಪು ಪರದೆಯ ಮುಂದೆ ಕೂರುತ್ತಾಳೆ. ನಿನ್ನೆ ನಾನು ಅಳುವುದನ್ನು ನೋಡಿ ಕೈ ಹಿಡಿದುಕೊಂಡು ಹೇಳಿದಳು: "ಅಳ್ಬೇಡ ಕಣೇ. ಅಣ್ಣ ಆ ಕಂಪನೀಲೇ ಇದ್ದಾನಲ್ಲ, ಅವನಿಗೊಂದು ಮಾತು ಹೇಳು. ಪಾಪ, ಅವನಿಗೆ ಗೊತ್ತಾಗಿಲ್ಲ. ಗೊತ್ತಾದ್ರೆ ಬಿಡ್ತಾನಾ?"