ಕೆಳಗಿನ ಸಾಲಿನ ಮುಖ

ಮಂಗಳವಾರ, ಜನವರಿ 7

ಬೆಳಿಗ್ಗೆಯಿಂದ ಫ್ಲೆಕ್ಸ್ ಮಷಿನಿನ ಶಾಯಿ ಉಗುಳುವ ಹೆಡ್ ಕಟ್ಟಿಕೊಂಡು ಕೂತಿದೆ. ನೀಲಿ ಬರುತ್ತಿಲ್ಲ. ತೊಗರಿ ಖರೀದಿಯವರ ಬೋರ್ಡು ಹಸಿರಾಗಬೇಕಿತ್ತು, ಹಳದಿಯಾಗಿ ಬಂತು. ಅವರು ಬೈದರು, ನಾನೂ ಬೈದೆ, ಭುವನಾ ಇಬ್ಬರನ್ನೂ ಬೈದಳು. ಈ ಅಂಗಡಿಯಲ್ಲಿ ಡಿಸೈನ್ ನನ್ನದು. ಗಿರಾಕಿ ಮತ್ತು ಬುದ್ಧಿ ಹೆಂಡತಿಯದು.

ಮಧ್ಯಾಹ್ನ ಚಂದ್ರಾಮನ ಫೋನು. ವಿಕ್ರಮನ ಅಭಿಮಾನಿ ಸಂಘದ ಅಧ್ಯಕ್ಷ, ಮಾತಿಗೆ ಮೊದಲು ನಗುವ ಮನುಷ್ಯ. ಇವತ್ತು ನಗಲಿಲ್ಲ. "ಸಂತೋಷಣ್ಣಾ, ವಿಕ್ರಮಣ್ಣ ಹೋಗಿಬಿಟ್ಟಾನೋ..."

ಜಿಮ್ಮಿನಲ್ಲಿ ಎದೆ ಹಿಡಿದುಕೊಂಡು ಕೂತನಂತೆ. ಕಲಬುರಗಿಯ ಆಸ್ಪತ್ರೆ ಮುಟ್ಟಲಿಲ್ಲ. ಮೂವತ್ತೆಂಟು ಒಂದು ವಯಸ್ಸೇ?

ಅತ್ತುಬಿಟ್ಟೆ. ಗಿರಾಕಿಗಳ ಮುಂದೆಯೇ. ಆಳಂದ ಎಲ್ಲಿದೆ ಅಂತ ಕೇಳುತ್ತಿದ್ದವರೆಲ್ಲ ಟೀವಿಯಲ್ಲಿ ಅವನ ಕಬಡ್ಡಿ ನೋಡಿ ಊರಿನ ಹೆಸರು ಕಲಿತರು. ಈ ಮಷಿನ್ ಸೋಲಾಪುರದಿಂದ ಬಂದ ದಿನ ಇಳಿಸಲು ಹಮಾಲರು ಸಿಕ್ಕಿರಲಿಲ್ಲ. ರಸ್ತೆಯಲ್ಲಿ ಹೊರಟಿದ್ದವನು ಗಾಡಿ ನಿಲ್ಲಿಸಿ ತಾನೇ ಹೆಗಲು ಕೊಟ್ಟ. ಆಮೇಲೆ ನಮ್ಮ ಜೊತೆ ನೆಲದ ಮೇಲೆ ಕೂತು ಚೂಡಾ ತಿಂದ. ಅಂಥವನು.

ಅವನ ಬಗ್ಗೆ ಇನ್ನೊಂದು ವಿಷಯವೂ ಊರಿಗೆ ಗೊತ್ತು. ಇವತ್ತು ಅದನ್ನು ಬರೆಯುವ ಮನಸ್ಸಿಲ್ಲ.

ಬುಧವಾರ, 8

ಕೂರಲೂ ಪುರುಸೊತ್ತಿಲ್ಲ. ಶ್ರದ್ಧಾಂಜಲಿ ಬ್ಯಾನರಿಗೆ ಅಫಜಲಪುರದಿಂದ ಆರ್ಡರ್, ಜೇವರ್ಗಿಯಿಂದ ಆರ್ಡರ್. ಎಲ್ಲರಿಗೂ ಸಂಜೆಯೊಳಗೆ ಬೇಕು. ಎಲ್ಲರಿಗೂ ತಮ್ಮ ಮುಖ ಕೆಳಗಿನ ಸಾಲಿನಲ್ಲಿ ಬೇಕು — ಸತ್ತವನಿಗಿಂತ ದೊಡ್ಡದಾಗಿ ಹಾಕು ಅನ್ನುವುದೊಂದು ಬಾಕಿ.

ಬಸ್ ಸ್ಟ್ಯಾಂಡಿನ ದೊಡ್ಡ ಬ್ಯಾನರಿಗೆ ಡಿಸೈನ್ ಮಾಡಲು ಸಮಯವಿರಲಿಲ್ಲ. ಚಂದ್ರಾಮ ದಾರಿ ಹೇಳಿದ: "ನಾಕ್ ವರ್ಷದ ಹಿಂದ ಕಪ್ ಗೆದ್ದಾಗ ಮಾಡಿದ್ದಿಯಲ್ಲ, ಅದೇ ಫೈಲ್ ತಗೋ. ಮ್ಯಾಲ ಬದಲ್ ಮಾಡು. ಕೆಳಗಿನ ಮಂದಿ ಹಂಗೇ ಇರ್ಲಿ, ಅವರೇ ಅಲ್ಲೇನು?" ಹಾಗೇ ಮಾಡಿದೆ. ಬಣ್ಣ ತೆಗೆದೆ, ಫೋಟೋಕ್ಕೆ ಹಾರ ಹಾಕಿದೆ. 'ಅಭಿನಂದಿಸುವವರು' ಎಂಬಲ್ಲಿ 'ಶ್ರದ್ಧಾಂಜಲಿ ಸಲ್ಲಿಸುವವರು'. ಮುಗಿಯಿತು.

ಗುರುವಾರ, 9

ವಿಕ್ರಮನ ಮಣ್ಣಿಗೆ ಹೋಗಿ ಬಂದೆ. ಎಷ್ಟು ಜನ! ಮುಂಡಾಸು ಕಟ್ಟಿ, ವಿಭೂತಿ ಹಚ್ಚಿ ಕೂರಿಸಿದ್ದರು. ಈಗ ಎದ್ದು ತೊಡೆ ತಟ್ಟುತ್ತಾನೇನೋ ಅನ್ನಿಸಿತು. ಒಂದು ಹಿಡಿ ಮಣ್ಣು ಹಾಕಿ ಬಂದೆ.

ಬರುವಾಗ ಭುವನಾ ಬಸ್ ಸ್ಟ್ಯಾಂಡಿನಲ್ಲಿ ಬ್ಯಾನರ್ ನೋಡುತ್ತ ನಿಂತಿದ್ದಳು. ಅರಿಶಿನ ತರಲು ಹೋದವಳು, ಚೀಲ ಖಾಲಿ.

"ಏನ್ರಿ ಇದು? ಎರಡನೇ ಸಾಲಿನ್ಯಾಗ ನೋಡ್ರಿ."

ನೋಡಿದೆ. ಎರಡು ಜಡೆ, ಮುಗಿದ ಕೈ, ನಗು. ಅನುಜಾ.

ಈಗ ಬರೆಯಲೇಬೇಕು. ಖಜೂರಿಯ ಹುಡುಗಿ, ವಿಕ್ರಮನ ಅಕಾಡೆಮಿಯಲ್ಲೇ ಬೆಳೆದವಳು. ಎರಡು ವರ್ಷದ ಹಿಂದೆ ಯೂನಿವರ್ಸಿಟಿ ಟೀಮಿಗೆ ಆರಿಸಿದ್ದರು. ನಿಮ್ಮ ಜೇವರ್ಗಿ ಮ್ಯಾಚಿಗೆ ಬರಲಾಗುವುದಿಲ್ಲ ಸರ್ ಅಂದಳು. ಆ ಸಿಟ್ಟಿಗೆ ವಿಕ್ರಮ ಅಂಕಣದಲ್ಲಿ ಬಿದ್ದಿದ್ದವಳ ಮೊಣಕಾಲಿನ ಮೇಲೆ ಕಾಲಿಟ್ಟು ತುಳಿದ. ಎಲ್ಲರ ಮುಂದೆ. ಅವಳು ಮತ್ತೆ ಆಡಲಿಲ್ಲ, ಈಗಲೂ ಕುಂಟುತ್ತಾಳೆ. ಪೊಲೀಸ್ ಕೇಸಾಯಿತು. ನೋಡಿದವರೆಲ್ಲ 'ಪ್ರ್ಯಾಕ್ಟೀಸಿನಲ್ಲಿ ಆದ ಗಾಯ' ಅಂದರು. ಗುರು ಹೊಡೆದರೆ ಏನಾಯಿತು ಅಂದರು. ಅವಳು ಕೇಸು ಬಿಡಲಿಲ್ಲ.

ಅವಳನ್ನೇ ನಾನು ಅವನ ಕಾಲ ಕೆಳಗೆ ಕೈ ಮುಗಿಸಿ ನಿಲ್ಲಿಸಿದ್ದೇನೆ. ಫೈಲ್ ತೆರೆದಾಗ ಕೆಳಗಿನ ಮುಖಗಳನ್ನು ನೋಡಲೇ ಇಲ್ಲ. ನೋಡುವವರು ಯಾರು? ಅವು ತಮ್ಮ ಪಾಡಿಗೆ ಇರುತ್ತವೆ.

ಶುಕ್ರವಾರ, 10

ಬೆಳಿಗ್ಗೆ ಶಟರ್ ಎತ್ತುವಾಗಲೇ ತಾಯಿ ಮಗಳು ನಿಂತಿದ್ದರು. ತಾಯಿ ಸುಮಿತ್ರಾಬಾಯಿ ಮೊಬೈಲ್ ಮುಂದೆ ಹಿಡಿದರು. ಯಾವುದೋ ಯೂಟ್ಯೂಬ್ ಚಾನೆಲ್ಲು. ಬ್ಯಾನರಿನ ಫೋಟೋ, ಅನುಜಾಳ ಮುಖಕ್ಕೆ ಕೆಂಪು ವೃತ್ತ. 'ಗುರುವನ್ನು ಕ್ಷಮಿಸಿದ ಶಿಷ್ಯೆ.'

"ನಾವು ಯಾವಾಗ ಬಂದು ನಿಮಗ ಫೋಟೋ ಕೊಟ್ಟಿದ್ವಿರಿ?" ಅಂದರು.

ಹಳೆ ಫೈಲಿನ ಕಥೆ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ನಾಚಿಕೆ. ಅನುಜಾ ಗೋಡೆಗೆ ಒರಗಿ ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದಳು. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ.

"ಕಾಕಾ, ವಕೀಲರು ಹೇಳ್ಯಾರ. ಅಂವ ಸತ್ತನಲ್ಲ, ಕೇಸೂ ಮುಗೀತಂತ. ಇನ್ನ ಯಾವ ಜಡ್ಜೂ ನನ್ನ ಮಾತು ಖರೆ ಅಂತ ಹೇಳಂಗಿಲ್ಲ. ನನ್ನ ಹಂತ್ಯಾಕ ಉಳದದ್ದು ನನ್ನ ಮಾತು ಒಂದೇ. ಅದನ್ನ ಸುಳ್ಳ ಮಾಡಬ್ಯಾಡ್ರಿ. ಐತವಾರ ನುಡಿನಮನ ಅದ, ಇಡೀ ತಾಲೂಕು ಬರ್ತದ. ಅದರೊಳಗ ತೆಗೀರಿ."

"ಶನಿವಾರದೊಳಗ ತೆಗೀತೇನವ್ವಾ" ಅಂದೆ. ಮಷಿನಿನ ಮೇಲೆ ಕೈ ಇಟ್ಟು ಹೇಳಿದೆ.

ಶನಿವಾರ, 11

ಏಣಿ ತೆಗೆದುಕೊಂಡು ಹೋದೆ. ಬ್ಲೇಡು ಜೇಬಿನಲ್ಲಿ. ಇನ್ನೊಬ್ಬರ ಮುಖ ಪ್ರಿಂಟ್ ಮಾಡಿ ಮೇಲೆ ಅಂಟಿಸೋಣ ಅಂತ ಮೊದಲು ಯೋಚಿಸಿದ್ದೆ. "ಯಾರ ಮುಖ ಹಚ್ತೀರಿ? ನನ್ನದಾ?" ಅಂದಳು ಭುವನಾ. ಅಲ್ಲಿಗೆ ಬಿಟ್ಟೆ.

ಎರಡು ಮೆಟ್ಟಿಲು ಹತ್ತಿರಲಿಲ್ಲ. ಚಂದ್ರಾಮ, ಹಿಂದೆ ಹತ್ತು ಹುಡುಗರು. "ಸತ್ತಾಂವನ ಬ್ಯಾನರಿಗೆ ಬ್ಲೇಡ್ ಹಾಕ್ತೀಯಾ ಸಂತೋಷಣ್ಣಾ?"

"ಒಂದೇ ಮುಖ ಲೇ, ಕೆಳಗಿಂದು. ಅಕಿಗೆ ಕೇಳದ ಹಾಕಿಬಿಟ್ಟೇವಿ."

"ನಾಳಿ ಕಾರ್ಯ ಮುಗೀಲಿ. ಸೋಮವಾರ ನಾನೇ ಬಿಚ್ಚಿಸ್ತೇನಿ. ಇವತ್ತ ತೂತು ಬಿದ್ರ ಹುಡುಗರನ್ನ ನಾ ಹಿಡೀಲಾರೆ ನೋಡಪಾ." ಕಣ್ಣು ಕೆಂಪಗಿದ್ದವು ಅವನಿಗೆ. ನಾಲ್ಕು ದಿನದಿಂದ ಅತ್ತ ಕಣ್ಣು. ಹೆದರಿದೆನೋ, ಮರುಗಿದೆನೋ... ಎರಡೂ. ಏಣಿ ಇಳಿದೆ.

ಖಜೂರಿಗೆ ಫೋನ್ ಮಾಡಿ ಹೇಳಬೇಕಿತ್ತು. ಮಾಡಲಿಲ್ಲ.

ಭಾನುವಾರ, 12

ಸಭೆ ಆಯಿತು. ಬರೆಯಲಾರೆ.

ಸೋಮವಾರ, 13. ಭೋಗಿ

ಭುವನಾ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭರ್ತ ಮಾಡಿದ್ದಳು. ತಟ್ಟೆ ಇಟ್ಟು ಹೋದಳು.

ನಿನ್ನೆಯದು ಬರೆದುಬಿಡುತ್ತೇನೆ. ಬ್ಯಾನರನ್ನು ಬಸ್ ಸ್ಟ್ಯಾಂಡಿನಿಂದ ಬಿಚ್ಚಿ ತಂದು ವೇದಿಕೆಯ ಹಿಂದೆ ಕಟ್ಟಿದ್ದರು. ಮೈದಾನ ತುಂಬಿ ರಸ್ತೆಯ ತನಕ ಜನ. ಎಲ್ಲರೂ ಒಳ್ಳೆಯದೇ ಹೇಳಿದರು. ಹೇಳಲಿ, ಒಳ್ಳೆಯದು ಇತ್ತು. ಆದರೆ ಒಬ್ಬ ಮುಖಂಡರು ಹಿಂದೆ ತಿರುಗಿ ಬೆರಳು ಮಾಡಿದರು: "ಕೋರ್ಟಿಗೆ ಎಳದ ಹುಡುಗೀನೂ ಇವತ್ತ ಕೈ ಮುಗದಾಳ ನೋಡ್ರಿ! ಇದಕ್ಕಿಂತ ದೊಡ್ಡ ಶ್ರದ್ಧಾಂಜಲಿ ಬೇಕಾ?" ಶ್ರದ್ಧಾಂಜಲಿ ಸಭೆಯಲ್ಲಿ ಚಪ್ಪಾಳೆ ನಾನು ಮೊದಲ ಸಲ ಕೇಳಿದ್ದು.

ಅಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ. ಆಮೇಲೆ ಚಂದ್ರಾಮ ನನ್ನ ಹೆಸರು ಕೂಗಿದ. ಎರಡು ಮಾತಾಡು ಅಂತ ಮೈಕ್ ಕೈಗೆ ಕೊಟ್ಟ. ಮೈಕ್ ನನ್ನ ಕೈಯಲ್ಲಿತ್ತು! ಬ್ಯಾನರ್ ಮಾಡಿದವನೇ ನಾನು, ಆ ಮುಖ ಹಾಕಿದವನೇ ನಾನು. ಒಂದು ಮಾತು ಸಾಕಿತ್ತು. ನಾನು ಮಷಿನ್ ಇಳಿಸಿದ ಕಥೆ ಹೇಳಿದೆ. ಚೂಡಾ ತಿಂದದ್ದು ಹೇಳಿದೆ. ಜನ ಕಣ್ಣೊರೆಸಿಕೊಂಡರು. ಕೂತೆ.

ಹೇಳಿದ್ದರಲ್ಲಿ ಸುಳ್ಳಿಲ್ಲ. ಅದೇ ಸಂಕಟ.

ಇವತ್ತು ಮಾತು ಕೊಟ್ಟಂತೆ ಚಂದ್ರಾಮ ಬ್ಯಾನರ್ ತಂದು ಅಂಗಡಿಯಲ್ಲಿ ಹಾಕಿ ಹೋದ. ಮಡಚಿ ಇಟ್ಟಿದ್ದಾನೆ, ಪ್ರೀತಿಯಿಂದ. ಇನ್ನೇನು ಉಪಯೋಗ? ಅದು ಎಲ್ಲರ ಫೋನಿನಲ್ಲಿದೆ.

ಬುಧವಾರ, 15

ನಿನ್ನೆ ಊರೆಲ್ಲ ಗಾಣಗಾಪುರಕ್ಕೆ ಸಂಕ್ರಾಂತಿಯ ಸ್ನಾನಕ್ಕೆ ಹೋಯಿತು. ನಾನು ಹೋಗಲಿಲ್ಲ. ನನ್ನ ತಪ್ಪು ನೀರಿನಲ್ಲಿ ಮುಳುಗಿದರೆ ಹೋಗುವಂಥದಲ್ಲ.

ಇವತ್ತು ಖಜೂರಿಗೆ ಹೋದೆ. ಮನೆ ರಸ್ತೆಯ ಪಕ್ಕವೇ. ಲಾರಿ ಹೋದಾಗಲೆಲ್ಲ ಪಾತ್ರೆ ನಡುಗುತ್ತವೆ. ಸುಮಿತ್ರಾಬಾಯಿ ನೀರು ಕೊಟ್ಟರು. ಚಹಾ ಇಡಲಿಲ್ಲ.

ತಪ್ಪಾಯಿತು ಅಂದೆ. ಅನುಜಾ ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದಳು.

"ಅಂವ ಸತ್ತ ದಿನ ನಾನೂ ಅತ್ತೇನಿ ಕಾಕಾ. ನಮ್ಮವ್ವಗ ಕೇಳ್ರಿ. ರೇಡ್ ಹ್ಯಾಂಗ ಮಾಡಬೇಕಂತ ಕಲಸಿದಾಂವ ಅಂವನೇ. ಆ ಫೋಟೋದಾಗ ನಾ ಖರೇನೇ ಕೈ ಮುಗದಿದ್ದೆ. ಈ ಕಾಲು ತುಳದಾಂವನೂ ಅಂವನೇ. ಅಳೋದೂ ನಂದು, ಮಾಫಿ ಮಾಡೋದು ಬಿಡೋದೂ ನಂದು. ನೀವು ಹ್ಯಾಂಗ್ರಿ ಅದನ್ನ ಒಯ್ದು ಬಸ್ ಸ್ಟ್ಯಾಂಡಿನ್ಯಾಗ ಹಚ್ಚಿಬಿಟ್ರಿ?"

"ಈಗ ಏನ್ ಮಾಡ್ಲಿ, ಹೇಳವ್ವಾ."

"ನಾ ಶುಕ್ರವಾರನೇ ಹೇಳಿದ್ದೆ. ಇನ್ನ ನನ್ನ ಕೇಳಬ್ಯಾಡ್ರಿ."

ಬಸ್ಸಿನಲ್ಲಿ ಬರುವಾಗ ಅಕ್ಕಪಕ್ಕದವರದು ಇನ್ನೂ ವಿಕ್ರಮನದೇ ಮಾತು. ಒಬ್ಬ ಅವನನ್ನು ದೇವರು ಮಾಡಿದ, ಇನ್ನೊಬ್ಬ ರಾಕ್ಷಸ ಮಾಡಿದ. ನಮಗೆ ಮನುಷ್ಯ ಸತ್ತರೆ ದುಃಖಪಡಲು ಬರುವುದೇ ಇಲ್ಲವೇನೋ.

ಶುಕ್ರವಾರ, 17

ಹೊಸ ಫ್ಲೆಕ್ಸ್ ಮಾಡಿದೆ. ಯಾರದೂ ಫೋಟೋ ಇಲ್ಲದ್ದು, ಹಾರವಿಲ್ಲದ್ದು. ಬಿಳಿಯ ಮೇಲೆ ಕಪ್ಪು ಅಕ್ಷರ.

'ವಿಕ್ರಮ ಅವರ ಶ್ರದ್ಧಾಂಜಲಿ ಬ್ಯಾನರಿನಲ್ಲಿ ಖಜೂರಿಯ ಅನುಜಾ ಅವರ ಹಳೆಯ ಚಿತ್ರವನ್ನು ಅವರನ್ನು ಕೇಳದೆ ಹಾಕಿದ್ದೆವು. ತಪ್ಪು ನಮ್ಮ ಅಂಗಡಿಯದು.' ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೆ: 'ಅವರು ಯಾರನ್ನೂ ಕ್ಷಮಿಸಿಲ್ಲ.' ಭುವನಾ ಹಿಂದೆ ನಿಂತು ಓದಿದಳು.

"ಅಕಿ ಮನಸಿನ ಮಾತು ಮತ್ತ ನೀವೇ ಬರ್ಯಾಕತ್ತೀರೇನು? ಎಷ್ಟ್ ಹೇಳಿದ್ರೂ ಬುದ್ಧಿ ಬರಂಗಿಲ್ಲ ನಿಮಗ."

ಅಳಿಸಿದೆ. ಕೆಳಗೆ ನಮ್ಮಿಬ್ಬರ ಹೆಸರು ಹಾಕಿದೆ. ಅದು ಅವಳೇ ಹೇಳಿದ್ದು.

ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಅದೇ ಜಾಗದಲ್ಲಿ ಕಟ್ಟಿದೆ. ಜನ ನಿಂತು ಓದಿದರು. ಸಂಜೆಗೆ ಹರಿದಿತ್ತು.

ಸೋಮವಾರ, 20

ಎರಡನೆಯದು ಮೊನ್ನೆ ಕಟ್ಟಿದ್ದೆ. ಇವತ್ತು ಅದೂ ಇಲ್ಲ. ಅಭಿಮಾನಿ ಸಂಘದ ವಾಟ್ಸಾಪ್ ಗುಂಪಿನಿಂದ ನನ್ನನ್ನು ತೆಗೆದಿದ್ದಾರೆ. ಜೇವರ್ಗಿಯವರು ಆರ್ಡರ್ ವಾಪಸ್ ತೆಗೆದುಕೊಂಡರು.

ಚಂದ್ರಾಮ ಬಂದಿದ್ದ. ಜಗಳಕ್ಕಲ್ಲ. ಸೋತು ಹೋದವನ ಹಾಗೆ ಸ್ಟೂಲಿನ ಮೇಲೆ ಕೂತ. "ಹುಡುಗರು ಹರದಾರ, ನಾ ಹೇಳಿಲ್ಲ. ಆದ್ರ ಯಾಕ ಹಿಂಗ ಹಟ ಹಿಡದಿ? ಸತ್ತ ಮ್ಯಾಲ ಬಿಟ್ಟಬಿಡಬೇಕಪಾ."

"ಅಂವನ್ನ ಬಿಡೋಣ. ಅಕಿ ಸತ್ತಿಲ್ಲಲ್ಲೋ."

ಮುಖ ನೋಡಿದ. ಚಹಾ ಕುಡಿಯದೆ ಎದ್ದು ಹೋದ. ಈ ಮಾತು ಸಭೆಯ ಭಾನುವಾರ ಮೈಕಿನಲ್ಲಿ ಬರಬೇಕಿತ್ತು. ಎಂಟು ದಿನ ತಡವಾಗಿ, ಒಬ್ಬನ ಮುಂದೆ ಬಂತು. ಎಂಥ ಹೇಡಿ ನಾನು.

ಸಂಜೆ ಸುಮಿತ್ರಾಬಾಯಿಯವರ ಫೋನು.

"ನಾಳಿ ಮೊದಲನೇ ಬಸ್ಸಿಗೆ ಕಲಬುರಗಿಗೆ ಹೊಂಟೀವ್ರಿ, ಅನುಜಾನ ಮೊಣಕಾಲು ತೋರಸಾಕ. ಆಳಂದದಾಗ ಬಸ್ ಜರಾ ನಿಲ್ತದ. ನೀವು ಏನೋ ಬೋರ್ಡ್ ಹಾಕೀರಂತ ಯಾರೋ ಅಂದ್ರು. ಅಕಿ ನೋಡಬೇಕಂತಾಳ. ಇರ್ತದೇನ್ರಿ?"

ಬಸ್ ಸ್ಟ್ಯಾಂಡಿನಲ್ಲಿ ಆಗ ಬರೀ ಬಿದಿರು ಪಟ್ಟಿ ನಿಂತಿತ್ತು.

"ಇರ್ತದ್ರಿ" ಅಂದೆ.

ಮಂಗಳವಾರ, 21. ಬೆಳಿಗ್ಗೆ 5

ನಿನ್ನೆ ಸಂಜೆಯಿಂದ ಕರೆಂಟಿಲ್ಲ, ಮೂರನೇ ಫ್ಲೆಕ್ಸ್ ಪ್ರಿಂಟ್ ಆಗಿಲ್ಲ. ಭುವನಾ ಹಗ್ಗ ಕತ್ತರಿಸಿ ಇಟ್ಟಿದ್ದಾಳೆ, ಏಣಿ ಹೊರಗೆ ಒರಗಿಸಿದ್ದಾಳೆ. ಚಹಾ ಮಾಡಿ ಕೊಟ್ಟಳು. ಮೊಬೈಲ್ ಬೆಳಕಿನಲ್ಲಿ ಇದನ್ನು ಬರೆಯುತ್ತಿದ್ದೇನೆ, ಕೈ ಸುಮ್ಮನಿರಲಾರದೆ. ಖಜೂರಿಯಿಂದ ಬಸ್ಸು ಇಷ್ಟರಲ್ಲಿ ಹೊರಟಿರಬೇಕು. ಅನುಜಾ ಕಿಟಕಿಯ ಪಕ್ಕ ಕೂರುತ್ತಾಳೆ. ಕಾಲು ಚಾಚಲು ಜಾಗ ಸಿಕ್ಕಿತೋ ಇಲ್ಲವೋ.

ಒಂದು ಸಲ ಅವಳಿಗೆ ಕೊಟ್ಟ ಮಾತು ತಪ್ಪಿದ್ದೇನೆ. ಇನ್ನೊಂದು ಸಲ...

ಬಂತು. ಕರೆಂಟ್ ಬಂತು! ಹೆಡ್ ಓಡುತ್ತಿದೆ. ಅವಳ ಹೆಸರಿನ ಸಾಲು ಬಂತು. ಇನ್ನು 'ತಪ್ಪು' ಎಂಬ ಪದ ಬರಬೇಕು, ಆಮೇಲೆ ನಮ್ಮ ಹೆಸರು. ಬಂದ ಕೂಡಲೇ ಏಣಿ ಹೊತ್ತು ಹೊರಡುತ್ತೇವೆ.