ಹಳೇ ವಿಡಿಯೋ ಗೇಮ್ ಕೊಡಬೇಡ

ಕೆಂಪರಾಜು,

ಅಪ್ಪನೂ ನಾನೂ ರೇಷ್ಮೆ ಗೂಡು ತೆಗೆದುಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೊರಟೆವು. ಸಾರು ಬಿಸಿ ಮಾಡಿಕೋ. ಇವತ್ತು ಸ್ಕೂಲಿಲ್ಲವಲ್ಲ, ಮಧ್ಯಾಹ್ನ ಹುಳಕ್ಕೆ ಸೊಪ್ಪು ಹಾಕು.

ಸೀಡಿ ಹಾಕುವ ಹೊಸ ವಿಡಿಯೋ ಗೇಮ್‌ಗೆ ಬದಲಾಗಿ ಹಳೆಯದನ್ನು ಅಂಗಡಿಗೆ ಕೊಡಬೇಡ. ಹಳೇ ಕ್ಯಾಸೆಟ್ಟುಗಳು ಹೊಸದರಲ್ಲಿ ಓಡುವುದಿಲ್ಲ. ನೀನು ಸ್ಕೂಲಿಗೆ ಹೋದ ಮೇಲೆ ಅಜ್ಜಿ ದಿನಾ ಕಾರಿನ ಆಟ ಆಡುತ್ತಾಳೆ. ತಾತ ತೀರಿಕೊಂಡ ಮೇಲೆ ಅವಳು ನಕ್ಕಿದ್ದನ್ನು ನಾನು ಕೇಳಿದ್ದು ಅದನ್ನಾಡುವಾಗ ಮಾತ್ರ. ನಿನ್ನೆ ಕೇಳಿದರೆ, "ಕೊಟ್ಬುಡ್ಲಿ ಬುಡವ್ವ, ಮುದುಕಿಗ್ಯಾಕೆ ಆಟ" ಅಂದಳು. ಬೆಳಿಗ್ಗೆ ನೋಡಿದರೆ ಕ್ಯಾಸೆಟ್ಟುಗಳನ್ನು ಸೆರಗಿನಲ್ಲಿ ಒರೆಸಿ ನಿನ್ನ ಚೀಲದ ಪಕ್ಕ ಜೋಡಿಸಿಟ್ಟಿದ್ದಳು. ನಾನು ಮತ್ತೆ ಟೀವಿ ಕೆಳಗೆ ಇಟ್ಟಿದ್ದೇನೆ.

ಹೊಸದಕ್ಕೆ ಕಡಿಮೆ ಬೀಳುವ ದುಡ್ಡು ಕೊಡಲು ಅಪ್ಪನನ್ನು ಒಪ್ಪಿಸಿದ್ದೇನೆ. ಮುನಿಸಿಕೊಳ್ಳದೆ ಇವತ್ತು ಅಜ್ಜಿ ಜೊತೆ ಕೂತು ಒಂದು ಆಟ ಆಡು. ನಿನಗಿಂತ ಚೆನ್ನಾಗಿ ಓಡಿಸುತ್ತಾಳೆ.

ಅಕ್ಕ